ಬಿಸಿಲಿನ ಜೀವಸತ್ವವನ್ನು ತೂಗಿದ ತಕ್ಕಡಿ

ಭೀಮಾ ಮತ್ತು ಕೃಷ್ಣೆಯರ ನಡುವಿನ ನಮ್ಮ ವಡಗೇರಾ ಸೀಮೆಯಲ್ಲಿ ಬಿಸಿಲಿಗೆ ಬರವಿಲ್ಲ. ಆದರೂ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ರಕ್ತಪರೀಕ್ಷೆಯ ವರದಿ ಹಿಡಿದು, ‘ಗುರುಗಳೇ, ಬಿಸಿಲುನಾಡಿನವರಿಗೂ ಡಿ ಜೀವಸತ್ವ ಕಡಿಮೆಯೆಂದರೆ ನಂಬುವುದು ಹೇಗೆ?’ ಎಂದು ಕೇಳುವುದುಂಟು. ಇದಕ್ಕೆ ಉತ್ತರ ಹೇಳಬೇಕಾದರೆ ಆ ಅಂಕಿಯನ್ನು ಅಳೆಯಲು ಮನುಷ್ಯ ಕಲಿತ ಬಗೆಯನ್ನೇ ಹೇಳಬೇಕಾಗುತ್ತದೆ.

ಮೂಳೆ ಮೆತ್ತಗಾಗಿ ಕಾಲು ಬಾಗುವ ರಿಕೆಟ್ಸ್ ರೋಗಕ್ಕೆ ಆಹಾರದ ಕೊರತೆ ಕಾರಣವೆಂಬುದನ್ನು 1919ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಮೆಲನ್‌ಬಿ ನಾಯಿಮರಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. 1922ರಲ್ಲಿ ಅಮೆರಿಕದ ಮೆಕಾಲಮ್ ಅವರು ಮೀನೆಣ್ಣೆಯಲ್ಲಿದ್ದ ಆ ಅಂಶಕ್ಕೆ ‘ಡಿ’ ಎಂಬ ಹೆಸರಿಟ್ಟರು. ಜರ್ಮನಿಯ ವಿಂಡಾಸ್ ಈ ಬಗೆಯ ವಸ್ತುಗಳ ಸಂಶೋಧನೆಗಾಗಿ 1928ರ ನೊಬೆಲ್ ಪ್ರಶಸ್ತಿ ಪಡೆದರು. ಹೆಸರೂ ರಚನೆಯೂ ತಿಳಿದವು. ಆದರೆ ದೇಹದೊಳಗೆ ಅದು ಏನಾಗುತ್ತದೆ ಎಂಬುದು ಇನ್ನೂ ಸುಮಾರು ಮೂವತ್ತು ವರ್ಷ ಗುಟ್ಟಾಗಿಯೇ ಉಳಿಯಿತು.

ಆ ಗುಟ್ಟನ್ನು ಬಿಡಿಸಲು ನೆರವಾದದ್ದು ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಉಪಕರಣ. 1919ರಲ್ಲಿಯೇ ಕೇಂಬ್ರಿಜ್‌ನ ಆ್ಯಸ್ಟನ್ ಅದರ ಪೂರ್ವರೂಪವೊಂದನ್ನು ಕಟ್ಟಿದ್ದರು. ಕಣದಲ್ಲಿ ಗಾಳಿಗೆ ತೂರಿದಾಗ ಕಾಳು, ಹೊಟ್ಟು ಬೇರೆಬೇರೆಯಾಗಿ ಬೀಳುವುದನ್ನು ನೀವೆಲ್ಲ ಕಂಡಿದ್ದೀರಿ. ಇಲ್ಲಿ ಅಣುಗಳಿಗೆ ವಿದ್ಯುದಂಶ ಕೊಟ್ಟು ಓಡಿಸುತ್ತಾರೆ. ತೂಕಕ್ಕೆ ತಕ್ಕಂತೆ ಅವು ಬೇರ್ಪಡುತ್ತವೆ.

ಡಿ3 ಜೀವಸತ್ವದ ಅಣುತೂಕ 384. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಡೆಲೂಕ ಮತ್ತು ಸಂಗಡಿಗರು 1968ರಲ್ಲಿ ಗುರುತಿಸಿದ ರೂಪದ ತೂಕ 400. ಹೆಚ್ಚಿದ 16 ಒಂದು ಆಮ್ಲಜನಕ ಪರಮಾಣುವಿನ ತೂಕ! ಇದು ಯಕೃತ್ತಿನಲ್ಲಿ ಆಗುವ ಬದಲಾವಣೆ. 1971ರಲ್ಲಿ ನೂರಾರು ಕೋಳಿಗಳ ಕರುಳಿನಿಂದ ಪಡೆದ ಅತ್ಯಲ್ಪ ಪದಾರ್ಥದಲ್ಲಿ 416ರ ರೂಪವೂ ಗುರುತಿಗೆ ಸಿಕ್ಕಿತು. ಮೂತ್ರಪಿಂಡವು ಇನ್ನೊಂದು ಆಮ್ಲಜನಕವನ್ನು ಸೇರಿಸಿ ಸಿದ್ಧಪಡಿಸುವ, ಕೆಲಸಕ್ಕೆ ಒದಗುವ ರೂಪವಿದು.

ನಿಮ್ಮ ವರದಿಯಲ್ಲಿರುವುದು ಸಾಮಾನ್ಯವಾಗಿ 400ರ ರೂಪದ ಲೆಕ್ಕ. ಒಂದು ಮಿಲಿಲೀಟರಿನಲ್ಲಿ 20 ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿ ಭಾಗಗಳಲ್ಲಿ ಇಪ್ಪತ್ತು. ಪ್ರತಿಕಾಯಗಳನ್ನು ಬಳಸುವ ಪರೀಕ್ಷೆಗಳಲ್ಲಿ ಕೆಲವು ಡಿ2, ಡಿ3 ರೂಪಗಳನ್ನು ಸಮನಾಗಿ ಹಿಡಿಯುವುದಿಲ್ಲ. ಈ ತಕ್ಕಡಿಯಾದರೋ ಎರಡನ್ನೂ ಬೇರೆಬೇರೆ ತೂಗಬಲ್ಲದು. ಅದಕ್ಕೂ ಮಿತಿಯುಂಟು. ಹಸುಗೂಸುಗಳ ರಕ್ತದಲ್ಲಿ ಇದೇ ತೂಕದ, ಜೋಡಣೆ ಮಾತ್ರ ಬೇರೆಯಾದ ಅಣುವೊಂದು ಗಣನೀಯವಾಗಿ ಇರಬಹುದೆಂದು 2006ರಲ್ಲಿ ತಿಳಿದುಬಂತು. ಮೊದಲೇ ಬೇರ್ಪಡಿಸದಿದ್ದರೆ ಎರಡೂ ಒಂದೇ ಲೆಕ್ಕಕ್ಕೆ ಸೇರಿಬಿಡುತ್ತವೆ.

ಇನ್ನು ಬಿಸಿಲಿನ ಮಾತು. ತಿರುಪತಿಯ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಳ್ಳಿಯವರ ಮಟ್ಟ ಪಟ್ಟಣದವರಿಗಿಂತ ಮೇಲಿದ್ದರೂ ಕೊರತೆ ಇಬ್ಬರಲ್ಲೂ ಕಂಡಿತು. ಚರ್ಮದಲ್ಲಿ ಈ ಜೀವಸತ್ವ ಹೆಚ್ಚು ತಯಾರಾಗುವುದು ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರವರೆಗೆ ಎಂದು ಅಲ್ಲಿಯದೇ 2013ರ ವರದಿ ಹೇಳುತ್ತದೆ. ನಾವು ನೆರಳು ಹುಡುಕುವ ಹೊತ್ತೂ ಅದೇ. ಊರಿನ ಮೇಲೆ ಬಿದ್ದ ಬಿಸಿಲೆಲ್ಲ ಮೈಗೆ ದಕ್ಕಿತೆಂದಲ್ಲ.

ಆದುದರಿಂದ, ಮಕ್ಕಳೇ, ವರದಿಯ ಅಂಕಿಯನ್ನು ಅಲ್ಲಗಳೆಯಬೇಡಿ. ಅದೊಂದನ್ನೇ ನೋಡಿ ಮಾತ್ರೆಯನ್ನೂ ನುಂಗಬೇಡಿ. ಯಾವ ವಿಧಾನದಿಂದ ಅಳೆದರೆಂದು ಕೇಳಿರಿ, ಮರುಪರೀಕ್ಷೆಯನ್ನು ಅದೇ ವಿಧಾನದಲ್ಲಿ ಮಾಡಿಸಿ ವೈದ್ಯರಿಗೆ ತೋರಿಸಿರಿ. ತೂಕ ನೋಡುವಾಗ ತಕ್ಕಡಿಯನ್ನೂ ನೋಡುವುದು ಸಂತೆಗೆ ಹೋದವರೆಲ್ಲ ಬಲ್ಲ ಬುದ್ಧಿ.