ಕೇರ್ ಆಫ್ ಪಿ.ಓ. ಬಾಕ್ಸ್, ದೋಹಾ

ಮೊನ್ನೆ ಶುಕ್ರವಾರ ಅಮ್ಮನ ಹತ್ತಿರ ನೆಟ್ ಕಾಲ್‌ನಲ್ಲಿ ಮಾತಾಡ್ತಾ ರೂಮಿನಿಂದ ಪಾರ್ಕಿಂಗಿಗೆ ಇಳೀತಿದ್ದೆ. ಅಪ್ಪನ ರಿಪೋರ್ಟ್ ನೋಡಿ ಡಾಕ್ಟರು ಏನಂದ್ರು ಅಂತ ಹೇಳೋಕೆ ಶುರು ಮಾಡಿದ್ದಳು, ಅಷ್ಟರಲ್ಲಿ ಸದ್ದೇ ಇಲ್ಲ. ಹಲೋ... ಹಲೋ... ಮೆಟ್ಟಿಲಲ್ಲಿ ವೈ-ಫೈ ಕೈಬಿಟ್ಟಿತ್ತು, ಮೊಬೈಲ್ ನೆಟ್‌ವರ್ಕ್ ಇನ್ನೂ ಕೈ ಹಿಡಿದಿರಲಿಲ್ಲ. ಮತ್ತೆ ಸಿಕ್ಕಾಗ ಅವಳ ಮೊದಲ ಪ್ರಶ್ನೆ, "ಎಲ್ಲಿದ್ದೀಯ ಮಾರಾಯ?"

ಸುಲಭದ ಪ್ರಶ್ನೆಯಲ್ಲ ನೋಡಿ. ಒಂದು ಯಂತ್ರ ನೆಟ್‌ವರ್ಕಿಗೆ ತಗುಲಿಕೊಂಡಿರುವ ಜಾಗ ಯಾವುದು ಅಂತ ಎಂಜಿನಿಯರುಗಳು ನಲವತ್ತು ವರ್ಷದಿಂದ ಬರೀತಾ, ಅಳಿಸ್ತಾ ಇದ್ದಾರೆ.

1982ರಲ್ಲಿ ಎಂಐಟಿಯ ಜೆರೋಮ್ ಸಾಲ್ಟ್ಜರ್ ಈ ಗಂಟನ್ನು ಬಿಡಿಸಿ ತೋರಿಸಿದ. ಸೇವೆ ಬೇರೆ, ಅದನ್ನು ನಡೆಸುವ ಯಂತ್ರ ಬೇರೆ, ಆ ಯಂತ್ರ ನೆಟ್‌ವರ್ಕಿಗೆ ತಗುಲುವ ಜಾಗ ಬೇರೆ, ಅಲ್ಲಿಗೆ ಹೋಗುವ ದಾರಿ ಬೇರೆ; ಒಂದರ ಹೆಸರನ್ನು ಇನ್ನೊಂದಕ್ಕೆ ಇಟ್ಟರೆ ಎಡವಟ್ಟು ಅಂತ. ಆ ಬರಹ 1993ರಲ್ಲಿ ಆರ್‌ಎಫ್‌ಸಿ 1498 ಆಗಿ ಮತ್ತೆ ಬಂತು. ಆದರೆ ಇಂಟರ್ನೆಟ್ಟಿನಲ್ಲಿ ಐಪಿ ಅಡ್ರೆಸ್ಸೇ ಯಂತ್ರದ ಹೆಸರೂ ಆಗಿತ್ತು, ಜಾಗವೂ ಆಗಿತ್ತು. ಕಂಪ್ಯೂಟರು ಮೇಜು ಬಿಟ್ಟು ಏಳದ ಕಾಲಕ್ಕೆ ನಡೀತು.

ಅದು ಎದ್ದು ಓಡಾಡತೊಡಗಿದ ಮೇಲೆ 1996ರಲ್ಲಿ ಮೊಬೈಲ್ ಐಪಿ ಬಂತು. ಅದರ ಉಪಾಯ ನಮಗೆ ಗೊತ್ತಿರೋದೇ: ಊರಿನ ಖಾಯಂ ವಿಳಾಸ ಒಂದು, ಈಗಿರುವಲ್ಲಿನ 'ಕೇರ್ ಆಫ್' ವಿಳಾಸ ಇನ್ನೊಂದು. ಹೌದು, ಅದರ ಹೆಸರೇ ಕೇರ್-ಆಫ್ ಅಡ್ರೆಸ್! ಊರಿಗೆ ಬಂದದ್ದನ್ನು ಹೋಮ್ ಏಜೆಂಟ್ ಅನ್ನುವವನು ಹಿಡಿದು ಇಲ್ಲಿಗೆ ರೀಡೈರೆಕ್ಟ್ ಮಾಡ್ತಾನೆ.

ನಾನು ದೋಹಾಕ್ಕೆ ಬಂದಾಗ ಇಲ್ಲಿ ಮನೆಬಾಗಿಲಿಗೆ ಅಂಚೆ ಬರ್ತಿರಲಿಲ್ಲ. ಕಾಗದವೆಲ್ಲ ಕಂಪನಿಯ ಪಿ.ಓ. ಬಾಕ್ಸಿಗೆ. ರೂಮು ಬದಲಿಸಿದರೂ ಬಾಕ್ಸ್ ಅದೇ, ಊರಿಗೆ ತಿಳಿಸುವ ಅಗತ್ಯವೇ ಇಲ್ಲ. ಕಂಪನಿ ಬದಲಿಸಿದರೆ ಮಾತ್ರ ಬಾಕ್ಸೂ ಬದಲು. (ಅದಕ್ಕೆ ಎನ್‌ಓಸಿ ಬೇಕಿತ್ತು. ಆ ನಿಯಮ ಹೋದದ್ದು 2020ರಲ್ಲಿ. ಅದರ ಕತೆ ಬೇರೆಯೇ ಬರೀಬೇಕು.)

2004ರ ಆರ್‌ಎಫ್‌ಸಿ 3753 ಹೆಚ್ಚುಕಡಿಮೆ ಇದೇ ಗೆರೆ ಎಳೆಯಿತು. ಆಕ್ಸೆಸ್ ಪಾಯಿಂಟ್ ಎರಡನೇ ಲೇಯರಿನದು, ನಮ್ಮ ರೂಮಿನ ಹಾಗೆ. ಆಕ್ಸೆಸ್ ರೂಟರ್ ಐಪಿ ಲೇಯರಿನದು, ಪಿ.ಓ. ಬಾಕ್ಸಿನ ಹಾಗೆ. ಒಂದೇ ರೂಟರಿನ ಕೆಳಗೆ ಪಾಯಿಂಟ್ ಬದಲಾದರೆ ಮೇಲಿನವರಿಗೆ ಗೊತ್ತೇ ಆಗಬಾರದು. ರೂಟರೇ ಬದಲಾದರೆ ವಿಳಾಸವೂ ಹೋಯ್ತು. ಮೊನ್ನೆ ಮೆಟ್ಟಿಲಲ್ಲಿ ಆದದ್ದು ಈ ಎರಡನೇ ಥರದ್ದು.

ತಮಾಷೆ ಏನಂದ್ರೆ ಮೊಬೈಲ್ ಐಪಿಯವರು 'ಪಾಯಿಂಟ್ ಆಫ್ ಅಟ್ಯಾಚ್‌ಮೆಂಟ್' ಅಂದರೆ ಪಿ.ಓ. ಬಾಕ್ಸು, ವೈರ್‌ಲೆಸ್‌ನವರು ಅಂದರೆ ರೂಮು! ವೈ-ಫೈ, ವೈಮ್ಯಾಕ್ಸ್, 3ಜಿ ನಡುವೆ ಹ್ಯಾಂಡೋವರ್ ಮಾಡಿಸಲು ಹೊರಟ ಐ-ಟ್ರಿಪಲ್-ಇ 802.21ರವರು ಎರಡು ಹೆಸರು ಇಟ್ಟರು. ರೇಡಿಯೋ ಕೊಂಡಿಯ ನೆಟ್‌ವರ್ಕ್ ಕಡೆಯ ತುದಿ 'ಪಾಯಿಂಟ್ ಆಫ್ ಅಟ್ಯಾಚ್‌ಮೆಂಟ್'. ಹ್ಯಾಂಡೋವರ್ ಬಗ್ಗೆ ಫೋನಿನ ಜೊತೆ ಮಾತಾಡುವವನು 'ಪಾಯಿಂಟ್ ಆಫ್ ಸರ್ವೀಸ್'. ಇವನು ಆ ತುದಿಯಲ್ಲೇ ಇರಬೇಕು ಅಂತೇನಿಲ್ಲ. ಗಲ್ಫಿನವರಿಗೆ ಹೇಳೋದಾದ್ರೆ ಇವನು ಕಂಪನಿಯ ಮಂದೂಬ್. ನಿಮ್ಮ ರೂಮಿನಲ್ಲಿ ಇರೋನಲ್ಲ, ಆದರೆ ಎಲ್ಲಿಗೆ ಹೋಗಬೇಕು ಅಂತ ಅವನನ್ನೇ ಕೇಳಬೇಕು.

ಅದರಲ್ಲಿ ನನಗೆ ಇಷ್ಟವಾದದ್ದು 'ಲಿಂಕ್ ಗೋಯಿಂಗ್ ಡೌನ್' ಅನ್ನುವ ಸೂಚನೆ. ಕೊಂಡಿ ಕಳಚಿದ ಮೇಲಲ್ಲ, ಕಳಚುವ ಮೊದಲೇ ಕೆಳಗಿನ ಲೇಯರ್ ಮೇಲಿನವರಿಗೆ ಕೂಗಿ ಹೇಳುತ್ತೆ. ಹೊಸ ಜಾಗ ಹಿಡಿದುಕೊಂಡೇ ಹಳೇದನ್ನು ಬಿಡಬಹುದು.

ಸ್ಟಾಂಡರ್ಡ್ ಪ್ರಕಟವಾದದ್ದು 2009ರ ಜನವರಿ. ಅದೇ ವರ್ಷ ಕತಾರಿನಲ್ಲಿ ಕ್ಯೂಟೆಲ್‌ಗೆ (2013ರಿಂದ ಊರಿದೂ) ಮೊದಲ ಪೈಪೋಟಿಯಾಗಿ ವೊಡಾಫೋನ್ ಬಂತು. 802.21 ಹೇಳಿದ್ದು ಏನು? ಸುತ್ತಮುತ್ತ ಯಾರ್ಯಾರ ನೆಟ್‌ವರ್ಕ್ ಇದೆ ಅಂತ ಫೋನಿಗೆ ಹೇಳುವ ಒಂದು ಸರ್ವರು ಇಡಿ ಅಂತ. ಎದುರಂಗಡಿಯ ವಿಳಾಸ ಯಾವ ಅಂಗಡಿಯವನು ಕೊಡ್ತಾನೆ ಹೇಳಿ? ಅದು ಫೋನುಗಳಿಗೆ ಇಳಿಯದೆ ಉಳಿದದ್ದಕ್ಕೆ ದೊಡ್ಡ ಕಾರಣ ಇದೇ ಅಂತ ನನ್ನ ಅನಿಸಿಕೆ. ವ್ಯಾಖ್ಯೆಯಲ್ಲಿ ನನಗೆ ಹುಳುಕು ಕಾಣಲಿಲ್ಲ.

ಕೊನೆಗೆ ಉಪಾಯ ಬಂದದ್ದು ಮೇಲಿನ ಲೇಯರಿನಿಂದ. 2013ರ ಮಲ್ಟಿಪಾತ್ ಟಿಸಿಪಿ ಒಂದೇ ಸಂಪರ್ಕಕ್ಕೆ ಎರಡು ದಾರಿ ಕೊಟ್ಟಿತು. 2021ರ ಕ್ವಿಕ್ (ಆರ್‌ಎಫ್‌ಸಿ 9000) ವಿಳಾಸವನ್ನು ನಂಬದೆ ಸಂಪರ್ಕಕ್ಕೇ ಗುರುತು ಕೊಟ್ಟಿತು, ವಿಳಾಸ ಬದಲಾದರೂ ಸಂಪರ್ಕ ಕಡಿಯಬೇಕಾಗಿಲ್ಲ. ಸಾಲ್ಟ್ಜರ್ ಹೇಳಿ ಅಷ್ಟರಲ್ಲಿ 39 ವರ್ಷ ಆಗಿತ್ತು.

ನಮ್ಮ ಮೆಟ್ಟಿಲಿನ ತನಕ ಇದಿನ್ನೂ ಬಂದ ಹಾಗಿಲ್ಲ. ಅಪ್ಪನ ರಿಪೋರ್ಟ್ ಸರಿ ಇದೆಯಂತೆ. ಈಗ ಅಮ್ಮನ ಜೊತೆ ಮಾತಾಡ್ತಾ ಹೊರಡಬೇಕಾದ್ರೆ ಬಾಗಿಲಲ್ಲೇ ನಿಂತು, "ಒಂದು ನಿಮಿಷ ಇರು ಅಮ್ಮ, ಕಟ್ ಆಗ್ಬಹುದು" ಅಂತ ಹೇಳಿ ವೈ-ಫೈ ಆಫ್ ಮಾಡ್ತೀನಿ.