ಹೊಗೆಯ ಲೆಕ್ಕ ಇಟ್ಟವರು

ಗೆಳತಿಯರೇ, ಪುಣೆಯ ಸದಾಶಿವ ಪೇಠದ ನಮ್ಮ ಮನೆಯಲ್ಲಿ ಚಳಿಗಾಲ ಬಂತೆಂದರೆ ಅತ್ತೆಯವರಿಗೆ ಉಬ್ಬಸ ಹೆಚ್ಚುತ್ತದೆ. ಹಾಗಾಗಿ ಬೆಳಿಗ್ಗೆ ವಾಕಿಂಗ್‌ಗೆ ಹೊರಡುವ ಮೊದಲು ಮೊಬೈಲಿನಲ್ಲಿ ಗಾಳಿಯ ಸೂಚ್ಯಂಕ ನೋಡುವುದು ನಮಗೆ ರೂಢಿ. ಹೊಗೆಯನ್ನು ಹೀಗೆ ಅಂಕಿಗೆ ಇಳಿಸಿದ್ದು ಹೇಗೆ ಎಂದು ಹುಡುಕುತ್ತ ಹೋದಾಗ ನಾನು ತಲುಪಿದ್ದು ಅಡುಗೆಮನೆಗೆ!

ಕರ್ಕ್ ಸ್ಮಿತ್ ಎಂಬ ವಿಜ್ಞಾನಿ ಮತ್ತು ಅವರ ಭಾರತೀಯ ಸಂಗಡಿಗರು ಗುಜರಾತಿನ ಹಳ್ಳಿಗಳಲ್ಲಿ, ಸೌದೆ ಒಲೆಯ ಮುಂದೆ ಕೂತ ಹೆಂಗಸರಿಗೇ ಚಿಕ್ಕ ಮಾಪಕ ತೊಡಿಸಿದರು. ಆ ಅಧ್ಯಯನ 1983ರಲ್ಲಿ ಪ್ರಕಟವಾಯಿತು. ಅವರು ಅಳೆದದ್ದು ಊರಿನ ಗಾಳಿಯನ್ನಲ್ಲ, ಅಡುಗೆ ಮಾಡುವವಳು ಆ ಹೊತ್ತಿಗೆ ಒಳಗೆಳೆದುಕೊಂಡ ಗಾಳಿಯನ್ನು.

2009ರಲ್ಲಿ ನಮ್ಮ ದೇಶ ಸೂಕ್ಷ್ಮ ಕಣಗಳಿಗೆ, ಅಂದರೆ ಪಿಎಂ 2.5ಕ್ಕೆ, ಮಿತಿ ಹಾಕಿತು: 24 ಗಂಟೆಯ ಸರಾಸರಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ನಮ್ಮ ಪಾಷಾಣದಲ್ಲಿರುವ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ 'ಸಫರ್' 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕಾಗಿ ದೆಹಲಿಯಲ್ಲಿ ಶುರುವಾಗಿ, 2013ರಲ್ಲಿ ಪುಣೆಗೂ ಬಂತು. 2015ರ ಏಪ್ರಿಲ್‌ನಲ್ಲಿ ಆರು ಬಣ್ಣಗಳ ರಾಷ್ಟ್ರೀಯ ಸೂಚ್ಯಂಕ ಬಂದ ಮೇಲೆ ಎಂತಹವರಿಗೂ ಇದು ಅರ್ಥವಾಗತೊಡಗಿತು.

ಆದರೆ ಈ ಸೂಚ್ಯಂಕದಲ್ಲಿ ಕಣಗಳ ಲೆಕ್ಕ 24 ಗಂಟೆಯ ಸರಾಸರಿ. ಕಾಳ್ಗಿಚ್ಚಿನ ಹೊಗೆಯೋ ಗಾಳಿ ತಿರುಗಿದರೆ ಗಂಟೆಯೊಳಗೆ ಬಂದು ಮುತ್ತುತ್ತದೆ. 2018ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯದ 'ಕ್ಯಾಂಪ್ ಫೈರ್' ಹೊಗೆ ದೂರದ ಸ್ಯಾನ್ ಫ್ರಾನ್ಸಿಸ್ಕೋವನ್ನೂ ಕವಿದು ಶಾಲೆಗಳಿಗೆ ರಜೆ ಕೊಡಬೇಕಾಯಿತು. ಗಾಳಿ ಬೇಗ ಬದಲಾಗುವಾಗ ಇತ್ತೀಚಿನ ಗಂಟೆಗಳಿಗೆ ಹೆಚ್ಚು ತೂಕ ಕೊಡುವ 'ನೌಕಾಸ್ಟ್' ಎಂಬ ಲೆಕ್ಕವನ್ನು ಅಮೆರಿಕ ಬಳಸುವುದು ಇದಕ್ಕಾಗಿಯೇ.

ಮರುವರ್ಷ ಫೆಬ್ರವರಿಯಲ್ಲಿ ನಮ್ಮ ಬಂಡೀಪುರ ಹೊತ್ತಿ ಉರಿಯಿತು. ಪತ್ರಿಕೆಗಳಲ್ಲಿ ನಾನು ಓದಿದ್ದು ಸುಟ್ಟ ಕಾಡಿನ ಎಕರೆಗಳ ಲೆಕ್ಕ. ಸೊಪ್ಪು ಹಿಡಿದು ಬೆಂಕಿ ಬಡಿದ ಸಿಬ್ಬಂದಿಯ, ಕಾಡಂಚಿನ ಹಾಡಿಗಳ ಮಕ್ಕಳ ಎದೆಗಿಳಿದ ಹೊಗೆಯ ಲೆಕ್ಕ ನನ್ನ ಕಣ್ಣಿಗೆ ಬೀಳಲಿಲ್ಲ. ಗುಜರಾತಿನ ಒಲೆಯ ಮುಂದೆ ಕೇಳಿದ ಪ್ರಶ್ನೆಯನ್ನು ಅಲ್ಲೂ ಕೇಳಬೇಕಿತ್ತು: ಯಾರು, ಎಷ್ಟು ಹೊತ್ತು, ಎಷ್ಟು ಹೊಗೆ ಉಸಿರಾಡಿದರು?

ಕಾಡಿನದಾಗಲಿ, ಓಣಿಯಲ್ಲಿ ಸುಡುವ ಕಸದ್ದಾಗಲಿ, ಹೊಗೆ ಕಂಡ ದಿನ ಸರಾಸರಿಯನ್ನಷ್ಟೇ ನಂಬದೆ ಆ ಗಂಟೆಯ ಪಿಎಂ 2.5 ಎಷ್ಟಿದೆ ನೋಡಿ. ಹೆಚ್ಚಿದ್ದರೆ ಕಿಟಕಿ ಮುಚ್ಚಿ, ಹಿರಿಯರನ್ನೂ ಮಕ್ಕಳನ್ನೂ ಒಳಗಿರಿಸಿ. ಹೊರಗೆ ಹೋಗಲೇಬೇಕಾದರೆ ಎನ್-95 ಮಾಸ್ಕ್ ಹಾಕಿ. ಮೂಗಿಗೆ ಸೆರಗು ಹಿಡಿದರೆ ಈ ಕಣಗಳು ನಿಲ್ಲುವುದಿಲ್ಲ.