ಒರಟು ಧಾನ್ಯ, ನುಣ್ಣನೆಯ ಹಿಟ್ಟು

ಬಹಳ ವರ್ಷಗಳ ಹಿಂದೆ ಕೃಷಿಗೆ ಸಂಬಂಧಿಸಿದ ಇಂಗ್ಲಿಷ್ ವರದಿಯೊಂದನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ರಾಗಿ, ಜೋಳ, ಸಜ್ಜೆ, ನವಣೆ ಎಲ್ಲವನ್ನೂ ಒಂದೇ ಕಂತೆ ಕಟ್ಟಿ ಅದರಲ್ಲಿ ‘ಕೋರ್ಸ್ ಸೀರಿಯಲ್ಸ್’ ಎಂದು ಕರೆದಿದ್ದರು. ನಾನು ನಿಘಂಟು ತೆರೆದು ‘ಒರಟು ಧಾನ್ಯಗಳು’ ಎಂದು ಬರೆದೆ. ಹಾಳೆಗಳನ್ನು ತಿರುವಿ ಹಾಕುತ್ತಿದ್ದ ಅಮ್ಮ ಆ ಸಾಲಿಗೆ ಬಂದು ನಿಂತಳು. “ರಾಗಿ ಯಾವಾಗಪ್ಪ ಒರಟಾಗಿದ್ದು?” ಅಂದಳು. ಅವತ್ತಿನಿಂದ ಈ ವಿಶೇಷಣ ನನ್ನ ಬೆನ್ನು ಬಿಟ್ಟಿಲ್ಲ.

ಓದುವ ಕೋರ್ಸ್ ಬೇರೆ, ಒರಟು ಎಂಬರ್ಥದ ಕೋರ್ಸ್ ಬೇರೆ. ಇಂಗ್ಲಿಷಿನಲ್ಲಿ ಎರಡಕ್ಕೂ ಬೇರೆ ಬೇರೆ ಅಕ್ಷರಗಳು. ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ಹುಟ್ಟಿನಲ್ಲಿಯೂ ಅವು ಒಂದೇ ಇದ್ದಿರಬೇಕು ಎಂದು ಹೆಚ್ಚಿನ ನಿಘಂಟುಕಾರರ ಅಭಿಪ್ರಾಯ. ಮೂಲದಲ್ಲಿ ‘ಓಡು’ ಎಂಬರ್ಥದ ಲ್ಯಾಟಿನ್ ಧಾತುವಿದೆ. ಅಲ್ಲಿಂದ ದಾರಿ, ಹರಿವು, ಕೊನೆಗೆ ಎಂದಿನಂತೆ ನಡೆದುಕೊಂಡು ಬಂದದ್ದು, ಅಂದರೆ ವಾಡಿಕೆ. ‘ಆಫ್ ಕೋರ್ಸ್’ ಎಂದಾಗ ಆ ಹಳೆಯ ಅರ್ಥವೇ ಬಾಯಿಗೆ ಬರುತ್ತದೆ. ಇಂಗ್ಲೆಂಡಿನಲ್ಲಿ ವಾಡಿಕೆಯ ಬಟ್ಟೆ, ದಿನಬಳಕೆಯ ಬಟ್ಟೆ, ಕೋರ್ಸ್ ಬಟ್ಟೆಯಾಯಿತು. ದಿನಬಳಕೆಯದು ದಪ್ಪ ನೂಲಿನದು, ಮೈಗೆ ಚುಚ್ಚುವಂಥದು. ಹೀಗೆ ‘ಸಾಮಾನ್ಯ’ ಎಂಬ ಮಾತಿಗೆ ‘ದೊರಗು’ ಎಂಬ ಅರ್ಥ ಅಂಟಿತು. ಆಮೇಲೆ ಬಟ್ಟೆಯ ಗುಣ ಉಟ್ಟವನಿಗೂ ಅಂಟಿ, ಅವನ ಮಾತು, ನಗು, ನಡತೆ ಎಲ್ಲವೂ ಕೋರ್ಸ್ ಆದವು. ಎರಡು ಪದಗಳ ಕಾಗುಣಿತ ಬೇರೆಯಾಗಿ ನೆಲೆಗೊಂಡದ್ದು ಇದೆಲ್ಲ ಆದಮೇಲೆ.

ಎಲ್ಲ ಕಸುಬುಗಳಲ್ಲೂ ಈ ಪದ ಹೀಗೆ ಕೆಟ್ಟಿಲ್ಲ. ಕಟ್ಟಡದವರಿಗೆ 4.75 ಮಿಲಿಮೀಟರ್ ಜರಡಿಯ ಮೇಲೆ ಉಳಿಯುವ ಜಲ್ಲಿ ಕೋರ್ಸ್, ಕೆಳಗೆ ಬೀಳುವ ಮರಳು ಫೈನ್. ಜಲ್ಲಿಯಿಲ್ಲದೆ ಕಾಂಕ್ರೀಟಿಲ್ಲ, ಹಾಗಾಗಿ ಅಲ್ಲಿ ಇದು ಬರೀ ಅಳತೆಯ ಮಾತು. ಶಾಲೆಯ ಸೂಕ್ಷ್ಮದರ್ಶಕದಲ್ಲಿಯೂ ಮೊದಲು ತಿರುಗಿಸುವ ದೊಡ್ಡ ತಿರುಪಿಗೆ ಇದೇ ಹೆಸರು. ಆದರೆ ಇಂಗ್ಲೆಂಡಿನ ನದಿದಂಡೆಗೆ ಹೋದರೆ ಬೇರೆ ಕಥೆ. ಸಾಲ್ಮನ್, ಟ್ರೌಟ್‌ಗಳ ಬಳಗವನ್ನು ಬಿಟ್ಟು ಸಿಹಿನೀರಿನ ಉಳಿದ ಮೀನುಗಳೆಲ್ಲ ಅಲ್ಲಿ ‘ಕೋರ್ಸ್ ಫಿಶ್’. ನದಿಗಳಲ್ಲಿ ಅವನ್ನು ಹಿಡಿಯಲು ಜೂನ್ 16ರಿಂದ ಅನುಮತಿ. ಮೀನಿನ ಮೈಯಲ್ಲಿ ಒರಟೇನೂ ಇಲ್ಲ. ಸಿರಿವಂತರ ತಟ್ಟೆಯ ಮೀನನ್ನು ಬೇರೆ ಎತ್ತಿಟ್ಟಮೇಲೆ ಉಳಿದವಕ್ಕೆ ಸಿಕ್ಕ ಹೆಸರು ಅದು.

ನಮ್ಮ ‘ಒರಟು’ ಇದಕ್ಕೆ ಸರಿಸಾಟಿಯೆಂದು ಆಗ ನಂಬಿದ್ದೆ, ಈಗ ನಂಬುವುದಿಲ್ಲ. ಒರಟು ಕೂಡ ಮೈಗೂ ಸಲ್ಲುತ್ತದೆ, ಮನಸ್ಸಿಗೂ ಸಲ್ಲುತ್ತದೆ: ಒರಟು ಗೋಡೆ, ಒರಟು ಅಂಗೈ, ಒರಟು ಮಾತು. ಆದರೆ “ಮಾತು ಒರಟು, ಮನಸ್ಸು ಬೆಣ್ಣೆ” ಎಂದು ನಾವು ಹೇಳುತ್ತೇವೆ. ಒರಟನ ಒಳಗೊಂದು ಮೃದು ಇರಬಹುದು ಎಂಬ ನಂಬಿಕೆ ಆ ಪದದಲ್ಲಿಯೇ ಇದೆ. ಕೋರ್ಸ್ ಎನಿಸಿಕೊಂಡವನಿಗೆ ಇಂಗ್ಲಿಷ್ ಆ ರಿಯಾಯಿತಿ ಕೊಡುವುದಿಲ್ಲ. ಅವನಿಗೆ ಅಭಿರುಚಿಯಿಲ್ಲ, ಅಷ್ಟೇ. ಇದಕ್ಕೆ ನಿಜವಾಗಿ ಹತ್ತಿರದ್ದು ‘ಗ್ರಾಮ್ಯ’. ಊರಿನದು, ಹಳ್ಳಿಯದು ಎಂಬ ಅರ್ಥದ ಮಾತನ್ನು ಅಲಂಕಾರಶಾಸ್ತ್ರದವರು ಕಾವ್ಯದೋಷದ ಪಟ್ಟಿಗೆ ಸೇರಿಸಿಬಿಟ್ಟರು. ಹಳ್ಳಿಯಲ್ಲಿ ಹುಟ್ಟಿದ ನನಗೆ ಆ ಪಟ್ಟಿಯನ್ನು ಓದುವಾಗ ಪ್ರತಿ ಸಲವೂ ನೋಯುತ್ತದೆ. ಇನ್ನು ಬರೀ ಸ್ಪರ್ಶ ಹೇಳಬೇಕೆಂದರೆ ನಮ್ಮಲ್ಲಿ ಚೊಕ್ಕವಾದ ‘ತರಿ’ ಇದೆ. ತರಿತರಿಯಾಗಿ ರುಬ್ಬು ಎಂದರೆ ಉದ್ದಿನಬೇಳೆಗೆ ಯಾವ ಅವಮಾನವೂ ಇಲ್ಲ.

ಹಾಗಾದರೆ ರಾಗಿ ಎಲ್ಲಿ ಒರಟು? ಸಾಸಿವೆಯಷ್ಟು ದಪ್ಪದ, ಉರುಟಾದ ಕಾಳು. ಬೀಸಿದರೆ ಮೈಗೆ ಹಚ್ಚುವ ಪುಡಿಯಷ್ಟು ನಯ. ಅದರ ಮುದ್ದೆಯನ್ನು ಅಗಿಯುವವರೇ ಇಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಅಗಿಯದೆ ಗಂಟಲಲ್ಲಿ ಇಳಿಯುವ ಊಟವನ್ನು ಒರಟು ಎನ್ನಲು ನಾಲಿಗೆ ಹೇಗೆ ಬಂತು? ಆ ವಿಶೇಷಣ ಕಾಳಿನದಲ್ಲ, ಉಂಡವರದು. ಅಕ್ಕಿ ಗೋಧಿ ಕೊಳ್ಳಲಾಗದವರ, ಮಳೆಯನ್ನೇ ನಂಬಿದ ಹೊಲದವರ ಧಾನ್ಯ ಎಂದು ಅಧಿಕಾರಿಗಳ ಭಾಷೆ ಸುತ್ತುಬಳಸಿ ಹೇಳಿತ್ತು. ಈ ಜಗಳ ಹೊಸದಲ್ಲ. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿ ತನ್ನ ಕುಲದ ಹೆಚ್ಚುಗಾರಿಕೆ ಕೊಚ್ಚಿಕೊಂಡು ರಾಗಿಯನ್ನು ಹೀಗಳೆಯುತ್ತದೆ. ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಟ್ಟ ಮೇಲೆ ಗಟ್ಟಿಯಾಗಿ ಉಳಿಯುವುದು ರಾಗಿ.

2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ರಾಗಿ, ಜೋಳ, ಸಜ್ಜೆ ಮತ್ತು ಇತರ ಸಣ್ಣ ಕಾಳುಗಳಿಗೆ ಹಳೆಯ ಹೆಸರು ತೆಗೆದು ‘ನ್ಯೂಟ್ರಿ ಸೀರಿಯಲ್ಸ್’ ಎಂದು ಅಧಿಸೂಚನೆ ಹೊರಡಿಸಿತು. 2023 ವಿಶ್ವಸಂಸ್ಥೆಯ ಸಿರಿಧಾನ್ಯ ವರ್ಷವಾಯಿತು. ಆ ವರ್ಷದ ಕೇಂದ್ರ ಬಜೆಟ್ ಭಾಷಣದಲ್ಲಿ ‘ಶ್ರೀ ಅನ್ನ’ ಎಂಬ ಹೆಸರು ಕೇಳಿಬಂತು. ಶ್ರೀಯ ತದ್ಭವವೇ ಸಿರಿ. ಕನ್ನಡಿಗರು ಅಷ್ಟು ಹೊತ್ತಿಗಾಗಲೇ ಆ ಕಾಳುಗಳನ್ನು ಸಿರಿಧಾನ್ಯ ಎನ್ನುತ್ತಿದ್ದರು. ಅಧಿಸೂಚನೆಯ ಸುದ್ದಿ ಓದಿದ ದಿನ ನನಗೆ ಆದ ಸಂತೋಷ ಸಣ್ಣದಲ್ಲ.

ಅಮ್ಮನ ಪ್ರಶ್ನೆ ಕೇಳಿದ ಮೇಲೆ ಆ ವರದಿಯಲ್ಲಿ ‘ಒರಟು’ ಹೊಡೆದುಹಾಕಿ, ಬಂದ ಕಡೆಯಲ್ಲೆಲ್ಲ ರಾಗಿ, ಜೋಳ, ಸಜ್ಜೆ, ನವಣೆ ಎಂದು ಹೆಸರು ಹಿಡಿದೇ ಬರೆದೆ. ಪುಟ ಹೆಚ್ಚಾಯಿತು, ಇರಲಿ. ಆ ದಿನಗಳಲ್ಲಿ ಮನೆಯಲ್ಲಿ ಎಳೆಮಗುವಿತ್ತು. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹದವಾಗಿ ಹುರಿದು ಬೀಸಿದ ಹಿಟ್ಟನ್ನು ಅಮ್ಮ ಹಳೆಯ ಮಲ್ಲು ಪಂಚೆಯಲ್ಲಿ ಜಾಲಿಸುತ್ತಿದ್ದಳು. ಹಲ್ಲೇ ಬಾರದ ಮಗುವಿನ ಬಾಯಿಗೆ ಹೋಗುವ ಮೊದಲ ಅನ್ನ ಅದು, ರಾಗಿ ಸರಿ. ಎರಡು ಬೆರಳ ನಡುವೆ ಹಿಟ್ಟನ್ನು ಉಜ್ಜಿ ನೋಡುವಳು. ತರಿ ತಾಗಿದರೆ ಮತ್ತೆ ಜಾಲಿಸುವಳು. ಬಟ್ಟೆಯ ಮೇಲೆ ಉಳಿದ ತರಿಯನ್ನು ಬೇರೆ ಬೋಗುಣಿಗೆ ಹಾಕಿ, ಸಂಜೆ ನಮಗೆಲ್ಲ ಅಂಬಲಿ ಕಾಯಿಸುವಳು.